ಜೂನಿಯರ್ ಲೀಗೋ, ಕಾಲೇಜೋ, ಊರಿನ ಕ್ಲಬ್ಬೋ: ಐಸ್ ಹಾಕಿಯ ಎಳೆಯ ಡಿಫೆನ್ಸ್‌ಮನ್ ಮುಂದಿರುವ ದಾರಿಗಳ ಹೋಲಿಕೆ

2008ರ ಜೂನ್ ತಿಂಗಳಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗಿನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ನಡೆಯಿತು. ಅಲ್ಲಿ ಮೊದಲ ಆಯ್ಕೆ ಸ್ಟೀವನ್ ಸ್ಟ್ಯಾಮ್ಕೋಸ್ ಎಂಬ ಫಾರ್ವರ್ಡ್ (ದಾಳಿಯ) ಆಟಗಾರರದಾಗಿತ್ತು. ಅವರ ಬೆನ್ನಿಗೆ ಎರಡರಿಂದ ಐದರವರೆಗಿನ ನಾಲ್ಕೂ ಸ್ಥಾನಗಳು ಡಿಫೆನ್ಸ್‌ಮನ್‌ಗಳ (ರಕ್ಷಣೆಯ ಆಟಗಾರರ) ಪಾಲಾದವು: ಲಾಸ್ ಏಂಜಲೀಸ್ ತಂಡ ಡ್ರೂ ಡೌಟಿಯವರನ್ನೂ, ಅಟ್ಲಾಂಟಾ ತಂಡ ಝ್ಯಾಕ್ ಬೊಗೋಸಿಯನ್ ಅವರನ್ನೂ, ಸೇಂಟ್ ಲೂಯಿಸ್ ತಂಡ ಅಲೆಕ್ಸ್ ಪಿಯೆಟ್ರಾಂಜೆಲೊ ಅವರನ್ನೂ, ಟೊರಾಂಟೊ ತಂಡ ಲ್ಯೂಕ್ ಶೆನ್ ಅವರನ್ನೂ ಆರಿಸಿಕೊಂಡವು. ಅದೇ ಡ್ರಾಫ್ಟ್‌ನಲ್ಲಿ ಟೈಲರ್ ಮಯರ್ಸ್ 12ನೆಯವರಾಗಿ, ಸ್ವೀಡನ್ನಿನ ಎರಿಕ್ ಕಾರ್ಲ್ಸನ್ 15ನೆಯವರಾಗಿ, ಜೇಕ್ ಗಾರ್ಡಿನರ್ 17ನೆಯವರಾಗಿ, ಅಮೆರಿಕದ ಜಾನ್ ಕಾರ್ಲ್ಸನ್ 27ನೆಯವರಾಗಿ, ಸ್ವಿಟ್ಜರ್ಲೆಂಡಿನ ರೋಮನ್ ಯೋಸಿ 38ನೆಯವರಾಗಿ, ಜಸ್ಟಿನ್ ಷುಲ್ಟ್ಸ್ 43ನೆಯವರಾಗಿ ಆಯ್ಕೆಯಾದರು. ಎಲ್ಲರೂ ಹೆಚ್ಚುಕಡಿಮೆ 18ರ ಹರೆಯದವರು, ಎಲ್ಲರೂ ಒಂದೇ ಜಾಗದ ಆಟಗಾರರು. ಅಲ್ಲಿಂದ ಮುಂದೆ ಒಬ್ಬರು ನೇರವಾಗಿ ಎನ್‌ಎಚ್‌ಎಲ್‌ಗೆ ಹೋದರು, ಒಬ್ಬರು ಜೂನಿಯರ್ ತಂಡಕ್ಕೆ ಮರಳಿದರು, ಒಬ್ಬರು ಕಾಲೇಜು ಸೇರಿದರು, ಒಬ್ಬರು ತಮ್ಮ ಊರಿನ ಕ್ಲಬ್ಬಿನಲ್ಲೇ ಉಳಿದರು. ದಾರಿಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಹದವಾದ ಗುಂಪು ಸಿಗುವುದು ಕಷ್ಟ; ಈ ಬರಹದಲ್ಲಿ ಮತ್ತೆ ಮತ್ತೆ ಅವರ ಹೆಸರುಗಳೇ ಬರುವುದಕ್ಕೆ ಅದೇ ಕಾರಣ.

ಡ್ರಾಫ್ಟ್ ಎಂದರೆ ಕೆಲಸಕ್ಕೆ ಸೇರಿಸಿಕೊಳ್ಳುವುದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸೆಪ್ಟೆಂಬರ್ 15ರೊಳಗೆ 18 ತುಂಬುವ ಆಟಗಾರನನ್ನು ಒಂದು ತಂಡ ಆರಿಸಿಕೊಂಡರೆ, ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಇಂತಿಷ್ಟು ಕಾಲ ಆ ತಂಡಕ್ಕೆ ಮಾತ್ರ ಇರುತ್ತದೆ, ಅಷ್ಟೇ. ಹುಡುಗ ಎಲ್ಲಿ ಆಡಬೇಕು, ಎಷ್ಟು ವರ್ಷ ಆಡಬೇಕು ಎಂಬ ಪ್ರಶ್ನೆ ಆಯ್ಕೆಯ ಮರುದಿನವೂ ಹಾಗೆಯೇ ಉಳಿದಿರುತ್ತದೆ. ಆ ಪ್ರಶ್ನೆ ಹುಟ್ಟುವುದಂತೂ ಅದಕ್ಕಿಂತ ಎರಡು ಮೂರು ವರ್ಷ ಮೊದಲೇ, ಹುಡುಗ ಇನ್ನೂ ಹೈಸ್ಕೂಲಿನಲ್ಲಿರುವಾಗ. ಟೊರಾಂಟೊ, ಡೆಟ್ರಾಯ್ಟ್, ಬಾಸ್ಟನ್ ಕಡೆ ನೆಲೆಸಿ, ಮಗುವಿನ ಸ್ಕೇಟು ಕೋಲುಗಳ ಚೀಲ ಹೊತ್ತು ಬೆಳಗಿನ ಜಾವ ರಿಂಕಿಗೆ (ಮಂಜುಗಡ್ಡೆಯ ಅಂಗಳಕ್ಕೆ) ಹೋಗುವ ಕನ್ನಡದ ಪೋಷಕರಿಗೂ, ದೂರದಿಂದ ಈ ಆಟವನ್ನು ನೋಡುತ್ತಾ ಈ ಲೀಗುಗಳ ಗೋಜಲಿನಲ್ಲಿ ದಾರಿ ತಪ್ಪುವ ಓದುಗರಿಗೂ ಇದು ಉಪಯೋಗವಾಗಬಹುದು.

ಫಾರ್ವರ್ಡ್‌ಗಿಂತ ಡಿಫೆನ್ಸ್‌ಮನ್‌ಗೆ ಈ ಆಯ್ಕೆ ಹೆಚ್ಚು ಕಠಿಣ. ಮುನ್ನಡೆಯ ಆಟಗಾರ ತಪ್ಪಿದರೆ ಅವನ ಹಿಂದೆ ಇನ್ನೂ ಇಬ್ಬರು ಮೂವರು ಇರುತ್ತಾರೆ. ಡಿಫೆನ್ಸ್‌ಮನ್ ತನ್ನ ವಲಯದ ಅಂಚಿನ ನೀಲಿ ಗೆರೆಯ ಮೇಲೆ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಕಳೆದುಕೊಂಡರೆ ಅವನ ಹಿಂದೆ ಗೋಲ್‌ಕೀಪರ್ ಮಾತ್ರ. ಎದುರಾಳಿಯ ಕಡೆ ಮುಖ ಮಾಡಿ ಹಿಂದಕ್ಕೆ ಜಾರುತ್ತಲೇ, ತನಗೂ ಅವನಿಗೂ ನಡುವಿನ ಅಂತರವನ್ನು ಒಂದು ಕೋಲಿನ ಅಳತೆಗೆ ಇಟ್ಟುಕೊಂಡು, ಅವನನ್ನು ಮಧ್ಯದಿಂದ ಗೋಡೆಯ ಕಡೆ ತಳ್ಳುತ್ತಾ ಹೋಗುವ ಕೌಶಲ ಬರುವುದು ಸಾವಿರಾರು ಸಲ ಮೋಸ ಹೋದ ಮೇಲೆಯೇ. ಕ್ರಿಕೆಟ್ಟಿನಲ್ಲಿ ಸ್ಪಿನ್ನರ್ ತಡವಾಗಿ ಮಾಗುತ್ತಾನೆ ಎನ್ನುತ್ತೇವಲ್ಲ, ಇಲ್ಲಿ ಡಿಫೆನ್ಸ್‌ಮನ್ ಕಥೆಯೂ ಅದೇ. ಹಾಗಾಗಿ ಯಾವ ಲೀಗಿನ ಹೆಸರು ದೊಡ್ಡದು ಎಂದು ಕೇಳುವುದಕ್ಕಿಂತ, ಯಾವ ಜಾಗದಲ್ಲಿ ಈ ಹುಡುಗನಿಗೆ ಹೆಚ್ಚು ನಿಮಿಷ ಸಿಗುತ್ತದೆ, ಯಾವ ಜಾಗದಲ್ಲಿ ಅವನ ತಪ್ಪನ್ನು ಸಹಿಸಿ ಮತ್ತೆ ಅಂಗಳಕ್ಕೆ ಇಳಿಸುತ್ತಾರೆ ಎಂದು ಕೇಳುವುದೇ ಸರಿ ಎಂಬುದು ನನ್ನ ನಿಲುವು.

ಮೇಜರ್ ಜೂನಿಯರ್: ಹೆಚ್ಚು ಪಂದ್ಯ, ಕಡಿಮೆ ಬಿಡುವು

ಮೇಜರ್ ಜೂನಿಯರ್ ಎಂದರೆ ಕೆನಡಾದ ಕಿರಿಯರ ಆಟದ ಮೇಲಿನ ಹಂತ. ಅದನ್ನು ನಡೆಸುವ ಕೆನಡಿಯನ್ ಹಾಕಿ ಲೀಗ್, ಅಂದರೆ ಸಿಎಚ್‌ಎಲ್, ಮೂರು ಲೀಗುಗಳ ಒಕ್ಕೂಟ: ಒಂಟಾರಿಯೊದ ಓಎಚ್‌ಎಲ್, ಪಶ್ಚಿಮದ ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಮತ್ತು ಪೂರ್ವ ಕರಾವಳಿಯ ಕ್ಯುಎಂಜೆಎಚ್‌ಎಲ್. ಸಾಮಾನ್ಯವಾಗಿ 16ರಿಂದ 20ರವರೆಗಿನವರು ಇಲ್ಲಿ ಆಡುತ್ತಾರೆ. ಓಎಚ್‌ಎಲ್ ಮತ್ತು ಡಬ್ಲ್ಯುಎಚ್‌ಎಲ್‌ನಲ್ಲಿ ಒಂದು ಋತುವಿಗೆ 68 ಪಂದ್ಯಗಳು, ಮೇಲೆ ಪ್ಲೇ ಆಫ್. ಹುಡುಗ ಮನೆ ಬಿಟ್ಟು ತಂಡದ ಊರಿನಲ್ಲಿ ಒಂದು ಆತಿಥೇಯ ಕುಟುಂಬದ ಜೊತೆ ಇದ್ದುಕೊಂಡು ಅಲ್ಲಿನ ಶಾಲೆಗೆ ಹೋಗುತ್ತಾನೆ. ಡಬ್ಲ್ಯುಎಚ್‌ಎಲ್‌ನ ಹರಹು ಪೆಸಿಫಿಕ್ ಸಾಗರದ ವಿಕ್ಟೋರಿಯಾದಿಂದ ಮ್ಯಾನಿಟೋಬಾದ ಬ್ರ್ಯಾಂಡನ್‌ವರೆಗೆ ಇರುವುದರಿಂದ ಬಸ್ಸಿನಲ್ಲಿ ಕಳೆಯುವ ರಾತ್ರಿಗಳು ಕಡಿಮೆಯಲ್ಲ. ವೃತ್ತಿಪರ ಆಟದ ದಿನಚರಿಗೆ ಇದಕ್ಕಿಂತ ಹತ್ತಿರದ ಅಭ್ಯಾಸ ಬೇರೆಲ್ಲೂ ಸಿಗುವುದಿಲ್ಲ ಎಂದು ಇದನ್ನು ಹೊಗಳುವವರು ಹೇಳುತ್ತಾರೆ, ಅದು ನಿಜವೂ ಹೌದು.

ಮೈಕಟ್ಟು ಬೇಗ ಬಲಿತ ಹುಡುಗನಿಗೆ ಈ ದಾರಿ ಒಗ್ಗುತ್ತದೆ. 15ನೇ ವಯಸ್ಸಿಗೇ ಇಲ್ಲಿ ಆಡಲು ವಿಶೇಷ ಅನುಮತಿ ಪಡೆಯುವವರು ತೀರಾ ವಿರಳ. 2011ರಲ್ಲಿ ಅದನ್ನು ಪಡೆದ ಮೊದಲ ಡಿಫೆನ್ಸ್‌ಮನ್ ಆರನ್ ಎಕ್‌ಬ್ಲಾಡ್. ಬ್ಯಾರಿ ಕೋಲ್ಟ್ಸ್ ತಂಡದಲ್ಲಿ ಮೂರು ಋತು ಆಡಿದ ಅವರು 2014ರ ಡ್ರಾಫ್ಟ್‌ನ ಮೊದಲ ಆಯ್ಕೆಯಾದರು, ಮರುವರ್ಷವೇ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿಯನ್ನೂ ಪಡೆದರು. ಅಂಥದೇ ಅನುಮತಿಯನ್ನು 2013ರಲ್ಲಿ ಪಡೆದ ಷಾನ್ ಡೇ ಎಂಬ ಇನ್ನೊಬ್ಬ ಡಿಫೆನ್ಸ್‌ಮನ್, ಮೂರು ವರ್ಷದ ಬಳಿಕ ಡ್ರಾಫ್ಟ್‌ನಲ್ಲಿ 81ನೆಯವರಾಗಿ ಆಯ್ಕೆಯಾದರು. 15ರಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗ 18ರಲ್ಲೂ ಮುಂದಿರುತ್ತಾನೆ ಎಂಬ ಖಾತರಿ ಯಾರೂ ಕೊಡಲಾರರು. ಈಗ ಎವರೆಟ್ ಸಿಲ್ವರ್‌ಟಿಪ್ಸ್ ತಂಡದ ಲ್ಯಾಂಡನ್ ಡುಪಾಂಟ್ ಅದೇ ಅನುಮತಿಯೊಡನೆ ಆಟಕ್ಕಿಳಿದಿದ್ದಾರೆ. ಅವರ ಬಗ್ಗೆ ಈಗಲೇ ತೀರ್ಪು ಕೊಡುವವರನ್ನು ನಂಬದಿರುವುದು ಒಳ್ಳೆಯದು.

ಈ ದಾರಿಯ ದೊಡ್ಡ ತೊಡಕು ಅಂಗಳದಲ್ಲಿಲ್ಲ, ಕಾಗದದಲ್ಲಿದೆ. ಸಿಎಚ್‌ಎಲ್ ತಂಡದಿಂದ ಡ್ರಾಫ್ಟ್ ಆದ ಹುಡುಗ 18, 19ರಲ್ಲಿ ಎನ್‌ಎಚ್‌ಎಲ್ ತಂಡದಲ್ಲಿ ಉಳಿಯಬೇಕು, ಇಲ್ಲವೇ ಜೂನಿಯರ್ ತಂಡಕ್ಕೆ ಮರಳಬೇಕು; ನಡುವಿನ ಮೆಟ್ಟಿಲಾದ ಎಎಚ್‌ಎಲ್ ಎಂಬ ವೃತ್ತಿಪರ ಲೀಗಿನಲ್ಲಿ ಆಡುವಂತಿಲ್ಲ ಎಂಬ ನಿಯಮ ದಶಕಗಳಿಂದ ಇದೆ. ಪಿಯೆಟ್ರಾಂಜೆಲೊ ಸಿಕ್ಕಿಬಿದ್ದದ್ದು ಇದರಲ್ಲೇ. ಸೇಂಟ್ ಲೂಯಿಸ್ ತಂಡ ಅವರನ್ನು 2008–09ರಲ್ಲಿ ಎಂಟು ಪಂದ್ಯ ಆಡಿಸಿ ವಾಪಸು ಕಳಿಸಿತು, 2009–10ರಲ್ಲಿ ಒಂಬತ್ತು ಪಂದ್ಯ ಆಡಿಸಿ ಮತ್ತೆ ಕಳಿಸಿತು. ಜೂನಿಯರ್ ಲೀಗಿಗೆ ಅವರು ಹೆಚ್ಚಾಗಿದ್ದರು, ಎನ್‌ಎಚ್‌ಎಲ್‌ಗೆ ಇನ್ನೂ ಸಾಲುತ್ತಿರಲಿಲ್ಲ.

ಇದೇ ಹೊತ್ತಿಗೆ ಜಾನ್ ಕಾರ್ಲ್ಸನ್ ಏನು ಮಾಡುತ್ತಿದ್ದರು ಎಂದು ನೋಡಿದರೆ ನಿಯಮದ ಒಂದು ಸಾಲು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಇಬ್ಬರೂ 1990ರ ಜನವರಿಯಲ್ಲಿ ಎಂಟು ದಿನಗಳ ಅಂತರದಲ್ಲಿ ಹುಟ್ಟಿದವರು. ಜಾನ್ ಕಾರ್ಲ್ಸನ್ ಡ್ರಾಫ್ಟ್ ಆದದ್ದು ಅಮೆರಿಕದ ಯುಎಸ್‌ಎಚ್‌ಎಲ್ ಎಂಬ ಜೂನಿಯರ್ ಲೀಗಿನ ಇಂಡಿಯಾನಾ ಐಸ್ ತಂಡದಿಂದ. ಆಮೇಲೆ ಅವರೂ ಓಎಚ್‌ಎಲ್‌ನ ಲಂಡನ್ ನೈಟ್ಸ್ ತಂಡದಲ್ಲಿ ಒಂದು ವರ್ಷ ಆಡಿದರು. ಆದರೆ ಆಯ್ಕೆಯಾದಾಗ ಸಿಎಚ್‌ಎಲ್ ಆಟಗಾರರಾಗಿರಲಿಲ್ಲವಾದ್ದರಿಂದ ಆ ನಿರ್ಬಂಧ ಅವರಿಗೆ ತಾಗಲಿಲ್ಲ. 2009ರ ವಸಂತದಲ್ಲೇ ಎಎಚ್‌ಎಲ್‌ನ ಹರ್ಷಿ ಬೇರ್ಸ್ ತಂಡ ಸೇರಿ, 2009 ಮತ್ತು 2010ರಲ್ಲಿ ಎರಡು ಸಲ ಆ ಲೀಗಿನ ಕಪ್ ಗೆದ್ದರು. 2010ರ ಜನವರಿಯಲ್ಲಿ ಕೆನಡಾದ ಸಸ್ಕಟೂನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಹೆಚ್ಚುವರಿ ಅವಧಿಯಲ್ಲಿ ಅಮೆರಿಕಕ್ಕೆ 6–5ರ ಗೆಲುವು ತಂದ ಗೋಲು ಹೊಡೆದವರು ಜಾನ್ ಕಾರ್ಲ್ಸನ್. ಹಾಗೆಂದು ಪಿಯೆಟ್ರಾಂಜೆಲೊ ಹಿಂದೆ ಬಿದ್ದರೆಂದಲ್ಲ. 2010–11ರಿಂದ ಅವರು ಸೇಂಟ್ ಲೂಯಿಸ್ ತಂಡದಲ್ಲಿ ನೆಲೆ ನಿಂತರು, 2019ರಲ್ಲಿ ನಾಯಕರಾಗಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು, 2023ರಲ್ಲಿ ವೇಗಸ್ ತಂಡದೊಡನೆ ಇನ್ನೊಮ್ಮೆ ಗೆದ್ದರು. ಎರಡು ವರ್ಷ ತಡವಾದದ್ದು ಅವರಿಗೆ ಕೆಡುಕು ಮಾಡಲಿಲ್ಲ ಎನ್ನಬಹುದು. ಆದರೆ ಅದು ಅವರಾಗಿ ಆರಿಸಿಕೊಂಡ ತಡವಲ್ಲ.

2026ರ ಸೆಪ್ಟೆಂಬರ್‌ನಿಂದ ಜಾರಿಗೆ ಬರುವ ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ಹೊಸ ಒಪ್ಪಂದವು ಈ ಗಂಟನ್ನು ತುಸು ಸಡಿಲಿಸಿದೆ: ಪ್ರತಿ ತಂಡವೂ 19ರ ಒಬ್ಬ ಜೂನಿಯರ್ ಆಟಗಾರನನ್ನು ಎಎಚ್‌ಎಲ್‌ಗೆ ಕಳಿಸುವುದಕ್ಕೆ ದಾರಿ ತೆರೆಯುತ್ತದೆ. ಒಬ್ಬನನ್ನು ಮಾತ್ರ ಎಂಬುದನ್ನು ಗಮನಿಸಬೇಕು. ಒಂದೇ ತಂಡ ಇಬ್ಬರು ಒಳ್ಳೆಯ ಹುಡುಗರನ್ನು ಆರಿಸಿಕೊಂಡಿದ್ದರೆ ಎರಡನೆಯವನಿಗೆ ಹಳೆಯ ಪಾಡೇ.

ಕಾಲೇಜು: ಕಡಿಮೆ ಪಂದ್ಯ, ದೊಡ್ಡವರ ಎದುರು

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ದರ್ಜೆಯ ತಂಡಗಳು ಸಾಮಾನ್ಯವಾಗಿ ಶುಕ್ರವಾರ ಮತ್ತು ಶನಿವಾರ ಆಡುತ್ತವೆ. ಒಂದು ಋತುವಿಗೆ 35, 40 ಪಂದ್ಯಗಳಷ್ಟೇ. ಸೋಮವಾರದಿಂದ ಗುರುವಾರದವರೆಗಿನ ಸಮಯ ಪಾಠಕ್ಕೂ, ಅಭ್ಯಾಸಕ್ಕೂ, ವ್ಯಾಯಾಮಶಾಲೆಗೂ ಸಿಗುತ್ತದೆ. ಎದುರಾಳಿಗಳು ಮಾತ್ರ ಹುಡುಗರಲ್ಲ. 22, 23ರ ವಯಸ್ಸಿನ ಗಟ್ಟಿ ಮೈಯ ಫಾರ್ವರ್ಡ್‌ಗಳು ಮೂಲೆಯಲ್ಲಿ ಒತ್ತಿ ಹಿಡಿದಾಗ 18ರ ಡಿಫೆನ್ಸ್‌ಮನ್ ಬರೀ ಚುರುಕಿನಿಂದ ಪಾರಾಗಲಾರ. ಸಣಕಲು ಮೈಯ, ಜಾರುವುದರಲ್ಲಿ ನುರಿತ, ಪಕ್ ಹೊತ್ತೊಯ್ಯಬಲ್ಲ ಹುಡುಗನಿಗೆ ಈ ಎರಡೂ ಬೇಕು: ಬಲಿಯುವುದಕ್ಕೆ ಸಮಯ, ಎದುರಿಗೆ ಬಲಿತವರು.

ಇದಕ್ಕೆ ಕೇಲ್ ಮಕಾರ್ ಅವರಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. ಕ್ಯಾಲ್ಗರಿಯ ಈ ಹುಡುಗನನ್ನು ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡ ಆರಿಸಿಕೊಂಡಿತ್ತು. ಆಗ ಸಿಎಚ್‌ಎಲ್‌ನಲ್ಲಿ ಆಡಿದವರು ಕಾಲೇಜು ತಂಡಕ್ಕೆ ಅನರ್ಹರಾಗುತ್ತಿದ್ದರು. ಅವರು ಅಲ್ಲಿಗೆ ಹೋಗದೆ, ಕಾಲೇಜಿನ ಬಾಗಿಲು ಮುಚ್ಚದಿರಲೆಂದು ಆಲ್ಬರ್ಟಾದ ಕೆಳಹಂತದ ಲೀಗಿನಲ್ಲಿ ಬ್ರೂಕ್ಸ್ ಬ್ಯಾಂಡಿಟ್ಸ್ ಪರ ಆಡಿದರು. 2017ರಲ್ಲಿ ಕೊಲೊರಾಡೊ ತಂಡ ನಾಲ್ಕನೆಯವರಾಗಿ ಆರಿಸಿದ ಮೇಲೂ ಆತುರಪಡದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಳೆದರು. ಅವರು ಬರುವ ಹಿಂದಿನ ಋತುವಿನಲ್ಲಿ ಐದು ಪಂದ್ಯವಷ್ಟೇ ಗೆದ್ದಿದ್ದ ಆ ತಂಡ 2019ರಲ್ಲಿ ರಾಷ್ಟ್ರೀಯ ಫೈನಲ್ ತಲುಪಿತು. ಆ ವಾರದ ಲೆಕ್ಕ ಸ್ವಾರಸ್ಯಕರವಾಗಿದೆ: ಏಪ್ರಿಲ್ 12ರಂದು ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ, 13ರಂದು ಮಿನೆಸೋಟ ಡುಲೂತ್ ಎದುರು ಫೈನಲ್‌ನಲ್ಲಿ ಸೋಲು, 15ರಂದು ಡೆನ್ವರ್‌ನಲ್ಲಿ ಎನ್‌ಎಚ್‌ಎಲ್ ಪ್ಲೇ ಆಫ್ ಪಂದ್ಯಕ್ಕೆ ಪದಾರ್ಪಣೆ, ಅದೂ ತಮ್ಮ ಹುಟ್ಟೂರಿನ ತಂಡದ ವಿರುದ್ಧ, ಗೋಲಿನೊಡನೆ. 2020ರಲ್ಲಿ ಕಾಲ್ಡರ್ ಬಂತು. 2022ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಸಲ್ಲುವ ನಾರಿಸ್ ಟ್ರೋಫಿಯೂ ಸ್ಟ್ಯಾನ್ಲಿ ಕಪ್ಪೂ ಒಟ್ಟಿಗೆ ಬಂದವು.

ಕಾಲೇಜಿಗೆ ಇನ್ನೊಂದು ಬಲವಿದೆ, ಅದರ ಬಗ್ಗೆ ತಂಡಗಳು ಬಹಿರಂಗವಾಗಿ ಮಾತಾಡುವುದು ಕಡಿಮೆ. ಕಾಲೇಜು ಆಟಗಾರನ ಮೇಲಿನ ತಂಡದ ಹಕ್ಕು ನಾಲ್ಕು ವರ್ಷ ಮುಗಿಯುತ್ತಾ ಬಂದಂತೆ ತೆಳುವಾಗುತ್ತದೆ, ಆಟಗಾರನ ಕೈ ಮೇಲಾಗುತ್ತದೆ. 2008ರ ಗುಂಪಿನ ಜಸ್ಟಿನ್ ಷುಲ್ಟ್ಸ್ ಅವರನ್ನು ಆರಿಸಿದ್ದು ಅನಹೈಮ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೂರು ಋತು ಆಡಿದ ಮೇಲೆ 2012ರಲ್ಲಿ ಅವರು ಸ್ವತಂತ್ರ ಆಟಗಾರರಾಗಿ ಎಡ್ಮಂಟನ್ ಸೇರಿದರು. ಹಾರ್ವರ್ಡ್‌ನಲ್ಲಿ ಮೂರು ವರ್ಷ ಆಡಿದ ಆಡಂ ಫಾಕ್ಸ್ ಅವರನ್ನು 2016ರಲ್ಲಿ 66ನೆಯವರಾಗಿ ಆರಿಸಿದ್ದ ಕ್ಯಾಲ್ಗರಿ ಅವರನ್ನು ಕ್ಯಾರೊಲೈನಾಕ್ಕೆ ಕೊಟ್ಟಿತು, ಕ್ಯಾರೊಲೈನಾ 2019ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಕೊಟ್ಟಿತು. ಎರಡೇ ವರ್ಷದಲ್ಲಿ ಅವರು ನಾರಿಸ್ ಗೆದ್ದರು. ಇದನ್ನು ನಿಷ್ಠೆಯ ಕೊರತೆ ಎಂದು ಬೈಯುವ ಅಭಿಮಾನಿಗಳಿದ್ದಾರೆ. 18ರ ಹುಡುಗನನ್ನು ಕೇಳದೆಯೇ ಯಾವುದೋ ಊರಿಗೆ ಬರೆದುಕೊಡುವ ಪದ್ಧತಿಯಲ್ಲಿ ನಿಷ್ಠೆಯ ಮಾತನ್ನು ಹುಡುಗನಿಗೊಬ್ಬನಿಗೇ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಕಾಲೇಜಿನ ಕುಂದು ಎಂದರೆ ಪಂದ್ಯಗಳ ಸಂಖ್ಯೆ. ಕೆಲವು ಡಿಫೆನ್ಸ್‌ಮನ್‌ಗಳು ಆಡುತ್ತಾ ಆಡುತ್ತಾ ಮಾತ್ರ ಕಲಿಯುತ್ತಾರೆ. ಅವರಿಗೆ ವಾರದ ನಾಲ್ಕು ದಿನದ ಅಭ್ಯಾಸ ಉಪ್ಪಿಲ್ಲದ ಊಟ. ಹಿರಿಯ ಆಟಗಾರರೇ ತುಂಬಿರುವ ಬಲಿಷ್ಠ ಕಾಲೇಜಿಗೆ ಸೇರಿ ಮೊದಲ ವರ್ಷ ಡಿಫೆನ್ಸ್‌ಮನ್‌ಗಳ ಮೂರನೇ, ಅಂದರೆ ಕಡಿಮೆ ಆಡಿಸುವ ಜೋಡಿಯಲ್ಲಿ ಹತ್ತು ನಿಮಿಷ ಆಡಿದರೆ, ಆ ವರ್ಷ ಹೋದಂತೆಯೇ.

ಊರಿನ ಕ್ಲಬ್ಬು: ಯುರೋಪಿನ ಹುಡುಗನಿಗೆ ಮನೆಯೇ ಮೇಲು

ಸ್ವೀಡನ್, ಫಿನ್‌ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಹುಡುಗ ತನ್ನ ಕ್ಲಬ್ಬಿನ ಕಿರಿಯರ ತಂಡದಿಂದ ಹಿರಿಯರ ತಂಡಕ್ಕೆ ಅದೇ ರಿಂಕಿನಲ್ಲಿ ಏರುತ್ತಾನೆ. ಸ್ವೀಡನ್ನಿನ ಎಸ್‌ಎಚ್‌ಎಲ್‌ನಲ್ಲಿ ಋತುವಿಗೆ 52 ಪಂದ್ಯ, ಫಿನ್‌ಲೆಂಡಿನ ಲೀಗಾದಲ್ಲಿ 60. ಎದುರಿಗೆ ಮೂವತ್ತು ದಾಟಿದ, ಸಂಬಳಕ್ಕೆ ಆಡುವ ಗಂಡಸರು. ಒಂದು ವ್ಯತ್ಯಾಸ ತಿಳಿದಿರಲಿ: ಅಂತರರಾಷ್ಟ್ರೀಯ ಅಳತೆಯ ರಿಂಕು 30 ಮೀಟರ್ ಅಗಲ, ಎನ್‌ಎಚ್‌ಎಲ್ ರಿಂಕು 85 ಅಡಿ, ಅಂದರೆ ಸುಮಾರು 26 ಮೀಟರ್. ಅಗಲದ ರಿಂಕಿನಲ್ಲಿ ಬೆಳೆದ ಡಿಫೆನ್ಸ್‌ಮನ್‌ಗೆ ಕೋನಗಳ ಅಂದಾಜು, ತಾಳ್ಮೆ, ಪಕ್ ಜೊತೆಗಿನ ಸಮಾಧಾನ ಚೆನ್ನಾಗಿರುತ್ತವೆ. ಅಮೆರಿಕಕ್ಕೆ ಬಂದಾಗ ಎದುರಾಳಿ ಒಂದು ಹೆಜ್ಜೆ ಮೊದಲೇ ಮೈಮೇಲೆ ಬಂದಿರುತ್ತಾನೆ.

2008ರ ಗುಂಪಿನಲ್ಲಿ ಕೊನೆಗೆ ಹೆಚ್ಚು ನಾರಿಸ್ ಟ್ರೋಫಿ ಗೆದ್ದವರು ಮೊದಲ ಐದರಲ್ಲಿ ಬಂದವರಲ್ಲ. ಒಟ್ಟಾವಾ ತಂಡ ತನ್ನ ಊರಿನಲ್ಲೇ ನಡೆದ ಆ ಡ್ರಾಫ್ಟ್‌ನಲ್ಲಿ 15ನೇ ಆಯ್ಕೆಯ ಹೆಸರು ಕೂಗಲು ತನ್ನ ಸ್ವೀಡಿಷ್ ನಾಯಕ ಡೇನಿಯಲ್ ಆಲ್‌ಫ್ರೆಡ್‌ಸನ್ ಅವರನ್ನೇ ವೇದಿಕೆಗೆ ಕಳಿಸಿತು. ಅವರು ಕೂಗಿದ್ದು ಎರಿಕ್ ಕಾರ್ಲ್ಸನ್ ಅವರ ಹೆಸರನ್ನು. ಆ ಹುಡುಗ ಇನ್ನೊಂದು ವರ್ಷ ಗೋಥೆನ್‌ಬರ್ಗ್‌ನ ಫ್ರೊಲುಂಡಾ ಕ್ಲಬ್ಬಿನಲ್ಲಿ ಉಳಿದರು, 2009ರಲ್ಲಿ ಒಟ್ಟಾವಾಕ್ಕೆ ಬಂದರು, ಆರಂಭದಲ್ಲಿ ಎಡವಿದಾಗ ಎಎಚ್‌ಎಲ್‌ನ ಬಿಂಗ್‌ಹ್ಯಾಮ್ಟನ್‌ಗೆ ಹೋಗಿ ಕೆಲವು ಪಂದ್ಯ ಆಡಿ ಮರಳಿದರು. ಪಿಯೆಟ್ರಾಂಜೆಲೊಗೆ ಮುಚ್ಚಿದ್ದ ಆ ಬಾಗಿಲು, ಯುರೋಪಿನಿಂದ ಡ್ರಾಫ್ಟ್ ಆದ ಕಾರಣಕ್ಕೆ ಇವರಿಗೆ ತೆರೆದಿತ್ತು. 2012, 2015, 2023ರಲ್ಲಿ ಮೂರು ನಾರಿಸ್. ರೋಮನ್ ಯೋಸಿ ಇನ್ನೂ ನಿಧಾನ: ಎರಡು ವರ್ಷ ಬರ್ನ್ ಕ್ಲಬ್ಬಿನಲ್ಲೇ ಇದ್ದು 2010ರಲ್ಲಿ ಸ್ವಿಸ್ ಚಾಂಪಿಯನ್ ಆದರು, ಒಂದು ವರ್ಷ ಎಎಚ್‌ಎಲ್‌ನ ಮಿಲ್ವಾಕಿಯಲ್ಲಿ ಆಡಿದರು, ನ್ಯಾಷ್‌ವಿಲ್ ಪರ ಅಂಗಳಕ್ಕಿಳಿದದ್ದು 2011ರಲ್ಲಿ. ಅವರ ನಾರಿಸ್ 2020ರದು.

ಜರ್ಮನಿಯ ಮೊರಿಟ್ಸ್ ಸೈಡರ್ ಈ ಎಲ್ಲ ಮೆಟ್ಟಿಲುಗಳನ್ನೂ ಒಂದೊಂದಾಗಿ ಹತ್ತಿದವರು. ಮ್ಯಾನ್‌ಹೈಮ್ ಕ್ಲಬ್ಬಿನಿಂದ 2019ರಲ್ಲಿ ಡೆಟ್ರಾಯ್ಟ್ ತಂಡಕ್ಕೆ ಆರನೆಯವರಾಗಿ ಆಯ್ಕೆಯಾಗಿ, 18ರಲ್ಲೇ ಎಎಚ್‌ಎಲ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಒಂದು ವರ್ಷ, ಆಮೇಲೆ ಸ್ವೀಡನ್ನಿನ ರೋಗ್ಲೆ ಕ್ಲಬ್ಬಿನಲ್ಲಿ ಒಂದು ವರ್ಷ ಆಡಿ, 2021ರಲ್ಲಿ ಡೆಟ್ರಾಯ್ಟ್‌ಗೆ ಬಂದವರು ಮೊದಲ ಋತುವಿನಲ್ಲೇ ಕಾಲ್ಡರ್ ಗೆದ್ದರು. ಫಿನ್‌ಲೆಂಡಿನ ಮಿರೊ ಹೈಸ್ಕನೆನ್ 2017ರಲ್ಲಿ ಮೂರನೆಯವರಾಗಿ ಆಯ್ಕೆಯಾದ ಮೇಲೂ ಒಂದು ವರ್ಷ ಹೆಲ್ಸಿಂಕಿಯ ಎಚ್‌ಐಎಫ್‌ಕೆಯಲ್ಲೇ ಉಳಿದರು. ರಾಸ್ಮುಸ್ ಡಾಲೀನ್ ಮಾತ್ರ 2018ರ ಮೊದಲ ಆಯ್ಕೆಯಾಗಿ ಆ ಶರತ್ಕಾಲವೇ ಬಫಲೊಗೆ ಹೋಗಿ 44 ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದರು. ಆದರೆ ಅವರು 16ರಲ್ಲೇ ಸ್ವೀಡನ್ನಿನ ಹಿರಿಯರ ಲೀಗಿನಲ್ಲಿ ಆಡಿದ್ದವರು ಎಂಬುದನ್ನು ಮರೆಯಬಾರದು.

18ರಲ್ಲೇ ಎನ್‌ಎಚ್‌ಎಲ್‌ಗೆ ಹೋಗಬೇಕೇ?

ಕೆಲೋನಾ ರಾಕೆಟ್ಸ್ ಎಂಬ ಒಂದೇ ಜೂನಿಯರ್ ತಂಡದಿಂದ 2008ರಲ್ಲಿ ಇಬ್ಬರು ಆಯ್ಕೆಯಾದರು: ಐದನೆಯವರಾಗಿ ಶೆನ್, 12ನೆಯವರಾಗಿ ಮಯರ್ಸ್. ಶೆನ್ ಅದೇ ಶರತ್ಕಾಲ ಟೊರಾಂಟೊ ತಂಡದಲ್ಲಿ 70 ಪಂದ್ಯ ಆಡಿ, ಆ ಋತುವಿನ ಹೊಸಬರ ಆದರ್ಶ ತಂಡದಲ್ಲಿ ಡೌಟಿಯ ಜೊತೆ ಸ್ಥಾನ ಪಡೆದರು. ಆರೂ ಮುಕ್ಕಾಲು ಅಡಿಗೆ ಹತ್ತಿರದ ಎತ್ತರದ ಮಯರ್ಸ್ ಕೆಲೋನಾಕ್ಕೆ ಮರಳಿ, ತಂಡವನ್ನು ಡಬ್ಲ್ಯುಎಚ್‌ಎಲ್ ಪಟ್ಟಕ್ಕೆ ಏರಿಸಿ, ಮರುವರ್ಷ ಬಫಲೊಗೆ ಬಂದು 48 ಅಂಕದೊಡನೆ ಕಾಲ್ಡರ್ ಗೆದ್ದರು. ಶೆನ್ ಅವರನ್ನು 2012ರಲ್ಲಿ ಫಿಲಡೆಲ್ಫಿಯಾಕ್ಕೆ ಕೊಟ್ಟರು. ಅಲ್ಲಿಂದ ಮುಂದೆ ಊರೂರು ಸುತ್ತಿದ ಅವರ ವೃತ್ತಿಜೀವನ ಸಾವಿರ ಪಂದ್ಯ ದಾಟಿತು, ಟ್ಯಾಂಪಾ ತಂಡದೊಡನೆ 2020 ಮತ್ತು 2021ರಲ್ಲಿ ಎರಡು ಕಪ್‌ಗಳೂ ಬಂದವು. ಸೋಲಿನ ಕಥೆ ಖಂಡಿತ ಅಲ್ಲ. ಆದರೂ 18ರಲ್ಲಿ ಅವರು ಕಲಿತದ್ದು ಸೋಲುತ್ತಿದ್ದ ತಂಡವೊಂದರಲ್ಲಿ ಬದುಕಿ ಉಳಿಯುವ ಆಟವನ್ನು. ಪಕ್ ಹಿಡಿದು ಧೈರ್ಯ ತೋರುವ ಆಟಕ್ಕೆ ಅಲ್ಲಿ ಪುರುಸೊತ್ತು ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಬೊಗೋಸಿಯನ್ ಕೂಡ ನೇರವಾಗಿ ಅಟ್ಲಾಂಟಾಕ್ಕೆ ಹೋದರು, ಮೊದಲ ಋತುವಿನಲ್ಲಿ 47 ಪಂದ್ಯ ಆಡಿದರು.

ಹಾಗಾದರೆ ಡೌಟಿ? ಅವರೂ 18ರಲ್ಲೇ ಹೋದರು, 81 ಪಂದ್ಯಗಳಲ್ಲಿ ಸರಾಸರಿ 23 ನಿಮಿಷಕ್ಕೂ ಹೆಚ್ಚು ಆಡಿದರು, 2010ರ ಒಲಿಂಪಿಕ್ಸ್‌ನಲ್ಲಿ ಕೆನಡಾದ ಚಿನ್ನದ ತಂಡದಲ್ಲಿ ಅತ್ಯಂತ ಕಿರಿಯರಾಗಿದ್ದರು, 2012 ಮತ್ತು 2014ರಲ್ಲಿ ಕಪ್, 2016ರಲ್ಲಿ ನಾರಿಸ್ ಪಡೆದರು. ಪ್ರತಿಭೆಯ ಮಾತು ಬದಿಗಿಟ್ಟು ಒಂದು ವಿವರ ನೋಡೋಣ. ಆ ಮೊದಲ ಋತುವಿನಲ್ಲಿ ಅವರ ಪಕ್ಕದಲ್ಲಿ ಆಡಿದವರು ಷಾನ್ ಒ'ಡಾನಲ್ ಎಂಬ 37ರ ಅನುಭವಿ. ಎಕ್‌ಬ್ಲಾಡ್ ಫ್ಲಾರಿಡಾದಲ್ಲಿ ಆರಂಭಿಸಿದಾಗ ಪಕ್ಕದಲ್ಲಿ ಬ್ರಯಾನ್ ಕ್ಯಾಂಪ್‌ಬೆಲ್ ಇದ್ದರು. ಹೈಸ್ಕನೆನ್ ಡಲ್ಲಸ್‌ಗೆ ಬಂದಾಗ ರೋಮನ್ ಪೊಲಾಕ್. ಇನ್ನೂ ಹಿಂದಕ್ಕೆ ಹೋದರೆ, 1989ರ ಡ್ರಾಫ್ಟ್‌ನಲ್ಲಿ 53ನೆಯವರಾಗಿ ಆಯ್ಕೆಯಾಗಿ ಎರಡು ವರ್ಷ ಸ್ವೀಡನ್ನಿನಲ್ಲೇ ಇದ್ದು 1991ರಲ್ಲಿ ಡೆಟ್ರಾಯ್ಟ್‌ಗೆ ಬಂದ ನಿಕ್ಲಾಸ್ ಲಿಡ್‌ಸ್ಟ್ರಮ್ ಅವರ ಮೊದಲ ಜೊತೆಗಾರ ಬ್ರ್ಯಾಡ್ ಮೆಕ್‌ಕ್ರಿಮನ್. ಆ ಋತುವಿನಲ್ಲಿ ಲಿಡ್‌ಸ್ಟ್ರಮ್ 60 ಅಂಕ ಗಳಿಸಿದರು, ಮುಂದೆ ಏಳು ನಾರಿಸ್ ಗೆದ್ದರು. ಹಿರಿಯ ಜೊತೆಗಾರ ಮಾಡುವ ಕೆಲಸ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಹುಡುಗ ಮುಂದಕ್ಕೆ ನುಗ್ಗಿದಾಗ ಅವನು ಹಿಂದೆ ನಿಲ್ಲುತ್ತಾನೆ; ಹುಡುಗ ತಮ್ಮ ಗೋಲಿನ ಹಿಂದೆ ಬೆನ್ನು ತಿರುಗಿಸಿ ಪಕ್ ಎತ್ತುವಾಗ, ಬಲಕ್ಕೆ ಹೋಗು, ಎಡಕ್ಕೆ ಕೊಡು, ಸಮಯವಿದೆ ಎಂದು ಅರಚಿ ಹೇಳುತ್ತಾನೆ. ಆ ಒಂದು ಸೆಕೆಂಡಿನ ಮಾತು ಇಲ್ಲದ ತಂಡದಲ್ಲಿ 18ರ ಹುಡುಗ ಪಕ್ಕನ್ನು ಗಾಜಿನ ಗೋಡೆಗೆ ಬಡಿದು ಹೊರಹಾಕುವುದನ್ನಷ್ಟೇ ಕಲಿಯುತ್ತಾನೆ.

ಆದ್ದರಿಂದ ನೇರ ಪ್ರವೇಶದ ಪ್ರಶ್ನೆಗೆ ನನ್ನ ಉತ್ತರ: ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ತಂಡ ಒಂದು ಹೆಸರು ಹೇಳಬಲ್ಲದಾದರೆ ಹೋಗಬಹುದು, ಇಲ್ಲವಾದರೆ ಮರಳುವುದು ಮೇಲು. 2025ರ ಮೊದಲ ಆಯ್ಕೆ ಮ್ಯಾಥ್ಯೂ ಶೇಫರ್ ಅವರಂಥವರು ಅಪವಾದ. ಕೊರಳೆಲುಬು ಮುರಿದುಕೊಂಡು ಡ್ರಾಫ್ಟ್ ವರ್ಷದಲ್ಲಿ ಈರಿ ತಂಡಕ್ಕೆ 17 ಪಂದ್ಯವಷ್ಟೇ ಆಡಿದ್ದರೂ ಅವರು ಅದೇ ಶರತ್ಕಾಲ ನ್ಯೂಯಾರ್ಕ್ ಐಲ್ಯಾಂಡರ್ಸ್ ಸೇರಿದರು. ಅಪವಾದವನ್ನು ನೋಡಿ ಮನೆಯ ಹುಡುಗನ ದಾರಿ ನಿರ್ಧರಿಸುವಂತಿಲ್ಲ.

2025ರ ನಂತರ ಬದಲಾದದ್ದು

ಇಲ್ಲಿಯವರೆಗಿನ ಹೋಲಿಕೆಯ ಹಿಂದೆ ಒಂದು ಹಳೆಯ ಗೋಡೆ ಇತ್ತು: ಸಿಎಚ್‌ಎಲ್‌ನಲ್ಲಿ ಆಡಿದವನು ವೃತ್ತಿಪರ ಎಂಬ ಲೆಕ್ಕಕ್ಕೆ ಸೇರಿ ಅಮೆರಿಕದ ಕಾಲೇಜು ತಂಡಕ್ಕೆ ಅನರ್ಹನಾಗುತ್ತಿದ್ದ. ಹಾಗಾಗಿ 15, 16ರಲ್ಲೇ ಎರಡರಲ್ಲಿ ಒಂದನ್ನು ಕಾಯಮ್ಮಾಗಿ ಬಿಡಬೇಕಾಗಿತ್ತು. ಎನ್‌ಸಿಎಎ 2024ರ ನವೆಂಬರ್‌ನಲ್ಲಿ ಆ ಗೋಡೆ ಕೆಡವಲು ತೀರ್ಮಾನಿಸಿತು; 2025ರ ಆಗಸ್ಟ್ 1ರಿಂದ ಸಿಎಚ್‌ಎಲ್ ಆಟಗಾರರೂ ಕಾಲೇಜು ಸೇರಬಹುದು. ಕೂಡಲೇ ಡಿಫೆನ್ಸ್‌ಮನ್‌ಗಳೂ ಹೊರಟರು: ಟ್ರೈ ಸಿಟಿ ತಂಡದ ಜಾಕ್ಸನ್ ಸ್ಮಿತ್ ಪೆನ್ ಸ್ಟೇಟ್‌ಗೆ, ವಿಕ್ಟೋರಿಯಾ ತಂಡದ ಕೀಟನ್ ವೆರ್‌ಹಾಫ್ ನಾರ್ತ್ ಡಕೋಟಾಕ್ಕೆ.

ಇದರಿಂದ 16ರ ನಿರ್ಧಾರದ ಭಾರ ಇಳಿದಿದೆ, 18ರದು ಏರಿದೆ. ಈಗ ಬಹುಪಾಲು ಕೆನಡಾದ ಹುಡುಗರಿಗೆ ನಾನು ಹೇಳುವುದು, 16, 17ರಲ್ಲಿ ಮೇಜರ್ ಜೂನಿಯರ್‌ನಲ್ಲಿ ಎರಡು ವರ್ಷ ನಿಮಿಷಗಳನ್ನು ಸಂಪಾದಿಸಿ, 18ರಲ್ಲಿ ಕಾಲೇಜಿಗೆ ಹೋಗುವುದು. ಪಿಯೆಟ್ರಾಂಜೆಲೊ ಎದುರಿಸಿದ ಆ ಎರಡು ವರ್ಷದ ತ್ರಿಶಂಕು ಸ್ಥಿತಿಗೆ ಇದು ಹೊಸ ಒಪ್ಪಂದದ ಒಂದು ಸೀಟಿಗಿಂತ ಗಟ್ಟಿಯಾದ ಪರಿಹಾರ. ಮೈ ತಡವಾಗಿ ಬೆಳೆಯುವ ಹುಡುಗ, 16ರಲ್ಲಿ ಇನ್ನೂ ಎಲುಬುಗೂಡಾಗಿರುವವನು, ಮಕಾರ್ ಅವರಂತೆ ಕೆಳಹಂತದ ಲೀಗಿನಲ್ಲಿ ಮೊದಲ ಜೋಡಿಯಲ್ಲಿ ಆಡುವುದೇ ವಾಸಿ. ದೊಡ್ಡ ಲೀಗಿನ ಬೆಂಚಿನ ಮೇಲೆ ಕುಳಿತು ಪಂದ್ಯ ನೋಡುವುದರಿಂದ ಅಂತರ ಅಳೆಯುವ ಕಣ್ಣು ಬೆಳೆಯುವುದಿಲ್ಲ. ಯುರೋಪಿನ ಹುಡುಗನಿಗೆ ಹಿರಿಯರ ತಂಡದಲ್ಲಿ ಕಾಯಂ ಜಾಗವಿದ್ದರೆ ಡ್ರಾಫ್ಟ್ ಆದ ಮೇಲೂ ಒಂದು ವರ್ಷ ಅಲ್ಲೇ ಇರಲಿ. ಜಾಗವಿಲ್ಲದಿದ್ದರೆ ಮಾತ್ರ ಅಮೆರಿಕದ ದಾರಿ ಯೋಚಿಸಲಿ.

ಸೇರುವ ಮೊದಲು ತಂಡದ ಕೋಚ್‌ಗೆ ಕೇಳಬೇಕಾದದ್ದು ಲೀಗಿನ ಇತಿಹಾಸವನ್ನಲ್ಲ. ಎಡಗೈ, ಬಲಗೈ ಡಿಫೆನ್ಸ್‌ಮನ್‌ಗಳು ಈಗಾಗಲೇ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಮುಂದಿನ ವರ್ಷ ಹೊರಹೋಗುವವರು ಯಾರು, ಪವರ್ ಪ್ಲೇ (ಎದುರಾಳಿಯ ಆಟಗಾರ ಶಿಕ್ಷೆಯಿಂದ ಹೊರಗಿರುವಾಗ) ಮತ್ತು ಪೆನಾಲ್ಟಿ (ನಮ್ಮವನೇ ಹೊರಗಿರುವಾಗ) ಹೊತ್ತಿನಲ್ಲಿ ಈ ಹುಡುಗನಿಗೆ ಯಾವಾಗ ಅವಕಾಶ, ಪಕ್ ಕಳೆದು ಗೋಲು ಬಿಟ್ಟುಕೊಟ್ಟ ಮೇಲೆ ಮುಂದಿನ ಸರದಿಗೆ ಕಳಿಸುತ್ತಾರೋ ಕೂರಿಸುತ್ತಾರೋ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಕೋಚ್ ಕೊಡುವ ಉತ್ತರಕ್ಕಿಂತ, ಆ ತಂಡದ ಎರಡು ಪಂದ್ಯಗಳನ್ನು ಹೋಗಿ ನೋಡುವುದು ಹೆಚ್ಚು ತಿಳಿಸುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಮೂರು ಎಚ್ಚರಿಕೆ. ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಕಾಲೇಜು ಆಟದ ಬಾಗಿಲು ಮುಚ್ಚುತ್ತದೆ. 2025ರ ಸಡಿಲಿಕೆ ಅದನ್ನು ಬದಲಿಸಿಲ್ಲ. ಸಿಎಚ್‌ಎಲ್ ತಂಡಗಳು ಆಡಿದ ಪ್ರತಿ ಋತುವಿಗೂ ಒಂದು ವರ್ಷದ ಓದಿನ ವೆಚ್ಚ ಕೊಡುವ ವಿದ್ಯಾರ್ಥಿವೇತನದ ಭರವಸೆ ನೀಡುತ್ತವೆ, ಆದರೆ ಅದಕ್ಕೆ ಷರತ್ತುಗಳಿರುತ್ತವೆ. ಎಷ್ಟು ಅವಧಿಯೊಳಗೆ ಕಾಲೇಜು ಸೇರಬೇಕು, ವೃತ್ತಿಪರನಾದರೆ ಆ ಹಣ ಏನಾಗುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ, ಸಹಿಗೆ ಮೊದಲು ಬರಹದಲ್ಲಿ ಓದಿಕೊಳ್ಳಬೇಕು. 18, 19ರಲ್ಲಿ ಎನ್‌ಎಚ್‌ಎಲ್ ಒಪ್ಪಂದ ಮಾಡಿಕೊಂಡವನು ಹತ್ತನೇ ಪಂದ್ಯ ಆಡಿದ ಕ್ಷಣ ಅದರ ಮೂರು ವರ್ಷಗಳಲ್ಲಿ ಮೊದಲನೆಯದು ಖರ್ಚಾಗುತ್ತದೆ. ಪಿಯೆಟ್ರಾಂಜೆಲೊ ಅವರನ್ನು ಎಂಟಕ್ಕೂ ಒಂಬತ್ತಕ್ಕೂ ನಿಲ್ಲಿಸಿದ್ದರ ಹಿಂದೆ ಇದ್ದದ್ದು ಈ ಲೆಕ್ಕವೂ ಹೌದು; ಒಂಬತ್ತನೇ ಪಂದ್ಯ ಹತ್ತಿರ ಬಂದಾಗ ತಂಡದ ಕಡೆಯವರು ಹುಡುಗನ ಬೆಳವಣಿಗೆಯ ಬಗ್ಗೆ ಆಡುವ ಮಾತುಗಳನ್ನು ಆ ಲೆಕ್ಕದ ಜೊತೆ ಇಟ್ಟುಕೊಂಡೇ ಕೇಳಬೇಕು.